ಬ್ರಿಟನ್ನಿನ ಚಳಿಗೆ ಸರ್ಕಾರದ ದುಡ್ಡು: ಯಾವುದು ಯಾರಿಗೆ?

ನವೆಂಬರ್ ಬಂತೆಂದರೆ ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಹೀಟಿಂಗ್ ಮಾತು ಶುರು. ಥರ್ಮೋಸ್ಟಾಟ್ ಏರಿಸಿದ್ದು ಯಾರು ಅಂತ ಒಂದು ಜಗಳ, ಬಿಲ್ ಬಂದ ಮೇಲೆ ಇನ್ನೊಂದು. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳುತ್ತಾರೆ: "ಸರ್ಕಾರ ಹೀಟಿಂಗ್‌ಗೆ ದುಡ್ಡು ಕೊಡ್ತಿದೆಯಂತೆ, ನಿಮಗೆ ಬಂತಾ?" ಒಬ್ಬರು 200 ಪೌಂಡ್ ಬಂತು ಅನ್ನುತ್ತಾರೆ. ಇನ್ನೊಬ್ಬರು 150 ಅನ್ನುತ್ತಾರೆ. ಮತ್ತೊಬ್ಬರಿಗೆ ಬರೀ 25. ಮೂವರೂ ಸುಳ್ಳು ಹೇಳುತ್ತಿಲ್ಲ. ಅವು ಮೂರು ಬೇರೆ ಬೇರೆ ಯೋಜನೆಗಳು.

ಇವುಗಳಲ್ಲಿ ಒಂದನ್ನು ತೆಗೆದುಕೊಂಡರೆ ಇನ್ನೊಂದು ತಪ್ಪಿಹೋಗುತ್ತದೆ ಅನ್ನೋ ಭಯ ಬೇಡ. ಅರ್ಹತೆ ಇದ್ದರೆ ಮೂರೂ ಬರುತ್ತವೆ. ಹಾಗಾಗಿ ನೀವು ಆರಿಸಬೇಕಾದದ್ದು ಯಾವುದರ ಹಿಂದೆ ಬೀಳಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಅನ್ನುವುದನ್ನು. ಇಲ್ಲಿರುವ ಮೊತ್ತಗಳೆಲ್ಲ 2025-26ರ ಚಳಿಗಾಲದವು.

ಅಂದಾಜಿಗೆ ಒಂದು ಅಳತೆ ಇರಲಿ. 2026ರ ಜನವರಿಯಿಂದ ಮಾರ್ಚ್‌ವರೆಗಿನ ಆಫ್‌ಜೆಮ್ (ಗ್ಯಾಸು, ಕರೆಂಟಿನ ನಿಯಂತ್ರಣ ಸಂಸ್ಥೆ) ದರಮಿತಿಯ ಪ್ರಕಾರ, ಗ್ಯಾಸು ಕರೆಂಟು ಎರಡೂ ಬಳಸುವ ಸಾಧಾರಣ ಮನೆಯ ಬಿಲ್ ವರ್ಷಕ್ಕೆ 1,758 ಪೌಂಡ್ ಇತ್ತು. ಅಂದರೆ 150 ಪೌಂಡ್ ಸಹಾಯ ಹೆಚ್ಚು ಕಡಿಮೆ ಒಂದು ತಿಂಗಳ ಬಿಲ್ಲಿಗೆ ಸಮ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ಬಳಸಲಿ ಬಿಡಲಿ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ಜಾಸ್ತಿ ಉರಿಸಿದರೆ ಬಿಲ್ಲೂ ಜಾಸ್ತಿ ಬರುತ್ತದೆ, ಅದಕ್ಕೆ ಮಿತಿ ಗಿತಿ ಏನೂ ಇಲ್ಲ.

ಮೊದಲು ವೀಸಾ ನೋಡಿ

ಯೋಜನೆಗಳ ಹೆಸರು ಓದುವ ಮುಂಚೆ ನಿಮ್ಮ ಇ-ವೀಸಾ ತೆರೆದು ನೋಡಿ. "ನೋ ಪಬ್ಲಿಕ್ ಫಂಡ್ಸ್" ಅನ್ನುವ ಸಾಲು ಇದೆಯಾ? ಸ್ಕಿಲ್ಡ್ ವರ್ಕರ್, ಹೆಲ್ತ್ ಅಂಡ್ ಕೇರ್, ಸ್ಟೂಡೆಂಟ್, ಇವರ ಡಿಪೆಂಡೆಂಟ್‌ಗಳು, ಗಂಡ ಅಥವಾ ಹೆಂಡತಿಯ ವೀಸಾದಲ್ಲಿ ಬಂದವರು, ಹೀಗೆ ಬಹುತೇಕ ಎಲ್ಲರ ವೀಸಾದಲ್ಲೂ ಇದು ಇರುತ್ತದೆ. ಇದ್ದರೆ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಹಣ), ಪೆನ್ಶನ್ ಕ್ರೆಡಿಟ್ (ಕಡಿಮೆ ಆದಾಯದ ಹಿರಿಯರಿಗೆ ಕೊಡುವ ಹಣ), ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಸಹಾಯ), ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಯಾವುದಕ್ಕೂ ಕೈ ಹಾಕುವಂತಿಲ್ಲ. ಹೀಟಿಂಗ್ ಸಹಾಯ ಬಹುಪಾಲು ಇವುಗಳ ಬಾಲ ಹಿಡಿದುಕೊಂಡೇ ಬರುವುದರಿಂದ, ಅದೂ ನಿಮಗಿಲ್ಲ. 150 ಪೌಂಡ್ ಆಸೆಗೆ ಮುಂದಿನ ವೀಸಾ ಅರ್ಜಿಗೆ ಕಲ್ಲು ಹಾಕಿಕೊಳ್ಳಬೇಡಿ. ನಿಮಗೆ ಬೇರೆ ದಾರಿಗಳಿವೆ, ಕೆಳಗೆ ಬರೆದಿದ್ದೇನೆ.

ಐಎಲ್‌ಆರ್ (ಇಲ್ಲೇ ಖಾಯಂ ಇರಲು ಅನುಮತಿ) ಸಿಕ್ಕ ಮೇಲೆ ಅಥವಾ ಬ್ರಿಟಿಷ್ ಪೌರತ್ವ ಬಂದ ಮೇಲೆ ಈ ತಡೆ ಹೋಗುತ್ತದೆ. ಒಂದು ಅಪವಾದ ಇದೆ, ನಮ್ಮವರ ಮನೆಗಳಿಗೆ ತುಂಬಾ ಹತ್ತಿರದ್ದು. ಅಪ್ಪ ಅಮ್ಮನನ್ನು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ ವೀಸಾದಲ್ಲಿ ಕರೆಸಿಕೊಂಡಿದ್ದರೆ, ಅವರ ಖರ್ಚು ನಾನೇ ನೋಡಿಕೊಳ್ಳುತ್ತೇನೆ ಅಂತ ಮಗನೋ ಮಗಳೋ ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಅದು ಐದು ವರ್ಷದ ಕಟ್ಟುಪಾಡು. ಅವರ ಕೈಯಲ್ಲಿ ಐಎಲ್‌ಆರ್ ಇದ್ದರೂ ಐದು ವರ್ಷ ಮುಗಿಯುವವರೆಗೆ ಪೆನ್ಶನ್ ಕ್ರೆಡಿಟ್ ಸಿಗುವುದಿಲ್ಲ. ಆರು ತಿಂಗಳಿಗೆ ವಿಸಿಟರ್ ವೀಸಾದಲ್ಲಿ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅತ್ತೆ ಮಾವನಿಗಂತೂ ಯಾವುದೂ ಇಲ್ಲ.

ವಿಂಟರ್ ಫ್ಯೂಯೆಲ್ ಪೇಮೆಂಟ್: ವಯಸ್ಸಾದವರಿಗೆ

1997ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ ಬಂದ ಯೋಜನೆ ಇದು. ತುಂಬಾ ವರ್ಷ ಪಿಂಚಣಿ ವಯಸ್ಸು ದಾಟಿದ ಎಲ್ಲರಿಗೂ ಸಿಗುತ್ತಿತ್ತು. 2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಅದನ್ನು ಪೆನ್ಶನ್ ಕ್ರೆಡಿಟ್‌ನಂಥ ಬೆನಿಫಿಟ್ ಇರುವವರಿಗೆ ಮಾತ್ರ ಅಂತ ಕತ್ತರಿಸಿದರು. ದೊಡ್ಡ ಗಲಾಟೆ ಆಯಿತು. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಮತ್ತೆ ಎಲ್ಲರಿಗೂ ಬರುತ್ತದೆ, ಆದರೆ ವರ್ಷಕ್ಕೆ 35,000 ಪೌಂಡ್‌ಗಿಂತ ಜಾಸ್ತಿ ಆದಾಯ ಇದ್ದವರಿಂದ ತೆರಿಗೆ ಇಲಾಖೆ ಪೂರ್ತಿ ವಾಪಸ್ ಪಡೆಯುತ್ತದೆ.

ಮನೆಗೆ 200 ಪೌಂಡ್. 80 ದಾಟಿದವರಿದ್ದರೆ 300. ಗಂಡ ಹೆಂಡತಿ ಇಬ್ಬರಿಗೂ ಅರ್ಹತೆ ಇದ್ದು ಇಬ್ಬರೂ 80ರ ಒಳಗಿದ್ದರೆ ತಲಾ 100 ಬರುತ್ತದೆ. "ನನಗೆ ಅರ್ಧನೇ ಬಂದಿದೆ, ಏನೋ ತಪ್ಪಾಗಿದೆ" ಅಂತ ಫೋನ್ ಹಿಡಿದು ಕೂರಬೇಡಿ. ಉಳಿದರ್ಧ ಮನೆಯವರ ಖಾತೆಯಲ್ಲಿರುತ್ತದೆ.

35,000ದ ಲೆಕ್ಕ ಮನೆಗಲ್ಲ, ಒಬ್ಬೊಬ್ಬರಿಗೆ. ಗಂಡನಿಗೆ 40,000 ಇದ್ದು ಹೆಂಡತಿಗೆ 9,000 ಇದ್ದರೆ ಅವನ 100 ವಾಪಸ್ ಹೋಗುತ್ತದೆ, ಅವಳ 100 ಅವಳಿಗೇ ಉಳಿಯುತ್ತದೆ. ಈ ಲೆಕ್ಕಕ್ಕೆ ಬೆಂಗಳೂರಿನ ಮನೆಯ ಬಾಡಿಗೆಯೂ ಸೇರುತ್ತದೆ. ಇಲ್ಲಿ ನೆಲೆಸಿದವರು ಆ ಬಾಡಿಗೆಯನ್ನು ಇಲ್ಲಿನ ತೆರಿಗೆಗೆ ತೋರಿಸಬೇಕು ಅನ್ನುವುದೇ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ.

ಸ್ಟೇಟ್ ಪೆನ್ಶನ್ ಬರುತ್ತಿದ್ದರೆ ಅರ್ಜಿ ಬೇಕಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ತಾನಾಗಿಯೇ ಖಾತೆಗೆ ಬೀಳುತ್ತದೆ. 2025-26ರ ಚಳಿಗಾಲಕ್ಕೆ 1959ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಹುಟ್ಟಿದವರು ಅರ್ಹರು. ಲೆಕ್ಕಕ್ಕೆ ಹಿಡಿದ ವಾರ 2025ರ ಸೆಪ್ಟೆಂಬರ್ 15ರಿಂದ 21.

ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಅಂದರೆ, ಸ್ಟೇಟ್ ಪೆನ್ಶನ್ ಇಲ್ಲದವರು. ಐವತ್ತು ದಾಟಿದ ಮೇಲೆ ಇಲ್ಲಿಗೆ ಬಂದು, ಹತ್ತು ವರ್ಷದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ತುಂಬದೆ ಪಿಂಚಣಿ ಹುಟ್ಟದೇ ಇರುವ ಅಮ್ಮಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಈ ಹಣಕ್ಕೆ ಸ್ಟೇಟ್ ಪೆನ್ಶನ್ ಇರಲೇಬೇಕು ಅಂತಿಲ್ಲ. ಆದರೆ ಬೇರೆ ಯಾವ ಬೆನಿಫಿಟ್ಟೂ ಇಲ್ಲದಿದ್ದರೆ ಇಲಾಖೆಗೆ ಅವರು ಇರುವುದೇ ಗೊತ್ತಿರುವುದಿಲ್ಲ. ಒಂದು ಸಲ ಅರ್ಜಿ ಹಾಕಬೇಕು. 2025-26ರ ಸಾಲಿಗೆ ಕೊನೆಯ ದಿನ 2026ರ ಮಾರ್ಚ್ 31. ಪೆನ್ಶನ್ ತೆಗೆದುಕೊಳ್ಳುವುದನ್ನು ಮುಂದೂಡಿದವರಿಗೂ ಇದೇ ಮಾತು.

ಕೋಲ್ಡ್ ವೆದರ್ ಪೇಮೆಂಟ್: ಆಕಾಶ ನೋಡಿ ಕೊಡುವ ದುಡ್ಡು

ನವೆಂಬರ್ 1ರಿಂದ ಮಾರ್ಚ್ 31ರ ಒಳಗೆ, ನಿಮ್ಮ ಪೋಸ್ಟ್‌ಕೋಡ್‌ಗೆ ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನ ಸರಾಸರಿ ತಾಪ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಹೋದರೆ, ಅಥವಾ ಹೋಗುತ್ತದೆ ಅಂತ ಮುನ್ಸೂಚನೆ ಬಂದರೆ, 25 ಪೌಂಡ್. ಇನ್ನೊಂದು ಅಂಥ ವಾರ ಬಂದರೆ ಇನ್ನೊಂದು 25. ನಿಮ್ಮ ಮನೆಯ ಕಿಟಕಿಯಲ್ಲಿ ಮಂಜು ಕಟ್ಟಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ, ಆ ಕೇಂದ್ರದ ಮಾಪಕ ಏನು ಹೇಳುತ್ತದೋ ಅದೇ.

ಪೆನ್ಶನ್ ಕ್ರೆಡಿಟ್ ಇರುವವರಿಗೆ ಸರಾಗ. ಯೂನಿವರ್ಸಲ್ ಕ್ರೆಡಿಟ್ ಇರುವವರಿಗೆ ಷರತ್ತುಗಳಿವೆ: ಕೆಲಸದಲ್ಲಿ ಇರಬಾರದು, ಜೊತೆಗೆ ಐದು ವರ್ಷದೊಳಗಿನ ಮಗುವೋ ಕೆಲಸ ಮಾಡಲಾಗದಂಥ ಕಾಯಿಲೆಯೋ ಇರಬೇಕು. ಅಂಗವೈಕಲ್ಯ ಇರುವ ಮಗುವಿನ ಮೊತ್ತ ಬರುತ್ತಿದ್ದರೆ ಕೆಲಸದಲ್ಲಿದ್ದರೂ ಸಿಗುತ್ತದೆ. ಮಗು ಹುಟ್ಟಿದ್ದನ್ನು ಇಲಾಖೆಗೆ ತಿಳಿಸಿರಬೇಕು, ಇಲ್ಲದಿದ್ದರೆ ಇದು ತಾನಾಗಿ ಬರುವುದಿಲ್ಲ. ಉಳಿದಂತೆ ಅರ್ಜಿ ಇಲ್ಲ, ಆ ಚಳಿಯ ವಾರ ಮುಗಿದು 14 ಕೆಲಸದ ದಿನಗಳೊಳಗೆ ಬರುತ್ತದೆ.

ಇದನ್ನು ನೆಚ್ಚಿಕೊಂಡು ಬಜೆಟ್ ಹಾಕಬೇಡಿ. ಉತ್ತರದ ಕಂಬ್ರಿಯಾದಂಥ ಕಡೆ ಬರುವುದುಂಟು. ದಕ್ಷಿಣದಲ್ಲಿ ಎಷ್ಟೋ ಚಳಿಗಾಲ ಒಂದೂ ಕಂತು ಬರದೆ ಕಳೆದುಹೋಗುತ್ತದೆ.

ವಾರ್ಮ್ ಹೋಮ್ ಡಿಸ್ಕೌಂಟ್: ಬಿಲ್ಲಿನಲ್ಲೇ ಕಡಿತ

ಕಡಿಮೆ ಆದಾಯದ, ಇನ್ನೂ ದುಡಿಯುತ್ತಿರುವ ಕುಟುಂಬಗಳಿಗೆ ಮೂರರಲ್ಲಿ ಇದೇ ಮೇಲು ಅಂತ ನನ್ನ ಅಭಿಪ್ರಾಯ. 150 ಪೌಂಡ್, ವರ್ಷಕ್ಕೊಮ್ಮೆ. ಕೈಗೆ ನಗದು ಬರುವುದಿಲ್ಲ, ಕರೆಂಟ್ ಬಿಲ್ಲಿನಲ್ಲಿ ಕಡಿತ ಆಗುತ್ತದೆ. ಗ್ಯಾಸೂ ಅದೇ ಕಂಪನಿಯದಾದರೆ ಗ್ಯಾಸ್ ಬಿಲ್ಲಿಗೆ ಹಾಕಿ ಅಂತ ಕೇಳಿ ನೋಡಬಹುದು. ಪ್ರೀಪೇಮೆಂಟ್ ಮೀಟರ್ ಇದ್ದರೆ ಟಾಪ್‌ಅಪ್ ಅಥವಾ ವೋಚರ್ ಆಗಿ ಬರುತ್ತದೆ.

2011ರಲ್ಲಿ ಶುರುವಾದ ಯೋಜನೆ. ಮಧ್ಯೆ ಕೆಲವು ವರ್ಷ ಇಂಗ್ಲೆಂಡ್, ವೇಲ್ಸ್‌ನಲ್ಲಿ "ನಿಮ್ಮ ಮನೆ ಬಿಸಿ ಮಾಡಲು ದುಬಾರಿಯಾದ ಮನೆಯಾಗಿರಬೇಕು" ಅಂತ ಒಂದು ಷರತ್ತಿತ್ತು. ಮನೆಯ ವಯಸ್ಸು, ಅಳತೆ ನೋಡಿ ಕಂಪ್ಯೂಟರ್ ಅಂದಾಜು ಹಾಕುತ್ತಿತ್ತು. ಒಂದೇ ಸಂಬಳ, ಒಂದೇ ಬೆನಿಫಿಟ್ ಇರುವ ಎರಡು ಮನೆಗಳಲ್ಲಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದೆ ಜನ ತಲೆ ಕೆರೆದುಕೊಂಡದ್ದು ಅದಕ್ಕೇ. 2025-26ರಿಂದ ಆ ಷರತ್ತು ತೆಗೆದುಹಾಕಿದ್ದಾರೆ. ಸರ್ಕಾರದ ಅಂದಾಜಿನಲ್ಲೇ ಇನ್ನೂ 27 ಲಕ್ಷ ಮನೆಗಳಿಗೆ ಇದು ಸಿಗುವಂತಾಗಿದೆ. ಹಿಂದೆ ಇಲ್ಲ ಅನಿಸಿಕೊಂಡವರು ಮತ್ತೆ ನೋಡಲೇಬೇಕು.

2025-26ಕ್ಕೆ ಬೇಕಿರುವುದು ಎರಡೇ. 2025ರ ಆಗಸ್ಟ್ 24ರಂದು ಯೂನಿವರ್ಸಲ್ ಕ್ರೆಡಿಟ್, ಪೆನ್ಶನ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್‌ನಂಥ ಒಂದು ಬೆನಿಫಿಟ್ ಇರಬೇಕು. ಅದೇ ದಿನ ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಅಥವಾ ಸಂಗಾತಿಯ ಹೆಸರಿರಬೇಕು. ಕಂಪನಿ ಈ ಯೋಜನೆಯಲ್ಲಿ ಸೇರಿರಬೇಕು ಅನ್ನುವುದೂ ಇದೆ, ದೊಡ್ಡ ಕಂಪನಿಗಳೆಲ್ಲ ಸೇರಿವೆ.

ಹೆಸರಿನ ವಿಷಯ ಚಿಕ್ಕದು ಅನ್ನಿಸಬಹುದು. ನಮ್ಮವರು ಎಡವುವುದು ಅಲ್ಲೇ. ಅಮ್ಮನಿಗೆ ಪೆನ್ಶನ್ ಕ್ರೆಡಿಟ್ ಇದೆ, ಅವರು ಇರುವುದು ಮಗನ ಮನೆಯಲ್ಲಿ, ಬಿಲ್ ಮಗನ ಹೆಸರಿನಲ್ಲಿ: 150 ಇಲ್ಲ. ಅಮ್ಮ ಬೇರೆ ಫ್ಲ್ಯಾಟಿನಲ್ಲೇ ಇದ್ದಾರೆ, ಆದರೆ "ಅಮ್ಮನಿಗೆ ಇಂಗ್ಲಿಷ್ ಕಷ್ಟ, ಕಂಪನಿಯವರ ಹತ್ತಿರ ನಾನೇ ಮಾತಾಡ್ತೀನಿ" ಅಂತ ಖಾತೆ ಮಗ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ: ಆಗಲೂ ಇಲ್ಲ. ಎರಡನೆಯದಕ್ಕೆ ಮದ್ದಿದೆ. ಖಾತೆ ಅಮ್ಮನ ಹೆಸರಿಗೆ ಮಾಡಿಸಿ, ಮಗನನ್ನು ಅವರ ಪರವಾಗಿ ಮಾತಾಡುವವನು ಅಂತ ದಾಖಲಿಸಿ ಅಂದರೆ ಕಂಪನಿ ಒಪ್ಪುತ್ತದೆ. ಮುಂದಿನ ಆಗಸ್ಟ್‌ಗಿಂತ ಮುಂಚೆ ಮಾಡಿಸಿ. ಬಾಡಿಗೆಯಲ್ಲೇ ಕರೆಂಟೂ ಸೇರಿರುವ ಶೇರ್ಡ್ ಮನೆಗಳಲ್ಲಿ ಬಿಲ್ ಮಾಲೀಕನದ್ದು, ಅಲ್ಲಿ ಏನೂ ಮಾಡಲಾಗುವುದಿಲ್ಲ.

ಆಗಸ್ಟ್ ನಂತರ ಕಂಪನಿ ಬದಲಿಸಿದ್ದರೂ ಹೆದರಬೇಡಿ. ಆ ದಿನ ಯಾವ ಕಂಪನಿಯಲ್ಲಿ ಇದ್ದಿರೋ ಅವರೇ ಕೊಡುತ್ತಾರೆ.

ಪೆನ್ಶನ್ ಕ್ರೆಡಿಟ್ ಅನ್ನೋ ಬೀಗದಕೈ

ಮೇಲಿನ ಮೂರನ್ನೂ ಓದಿದವರಿಗೆ ಒಂದು ಹೆಸರು ಪದೇ ಪದೇ ಕಂಡಿರುತ್ತದೆ. ಮನೆಯಲ್ಲಿ ಪಿಂಚಣಿ ವಯಸ್ಸು (2025-26ರಲ್ಲಿ 66) ದಾಟಿದವರಿದ್ದರೆ ನೀವು ಸಮಯ ಕೊಡಬೇಕಾದದ್ದು ಹೀಟಿಂಗ್ ಯೋಜನೆಗಳಿಗಲ್ಲ, ಪೆನ್ಶನ್ ಕ್ರೆಡಿಟ್ ಅರ್ಜಿಗೆ. ಆ ಒಂದು ಬಾಗಿಲು ತೆರೆದರೆ ಕೋಲ್ಡ್ ವೆದರ್ ಪೇಮೆಂಟ್ ಹಿಂದೆಯೇ ಬರುತ್ತದೆ, ಬಿಲ್ ನಿಮ್ಮ ಹೆಸರಿನಲ್ಲಿದ್ದರೆ 150ರ ಕಡಿತವೂ ಬರುತ್ತದೆ.

2025-26ರ ಲೆಕ್ಕ ಹೀಗೆ. ಒಂಟಿಯಾಗಿರುವವರ ವಾರದ ಆದಾಯ 227.10 ಪೌಂಡ್‌ಗಿಂತ ಕಡಿಮೆ ಇದ್ದರೆ ಸರ್ಕಾರ ಅಲ್ಲಿಯವರೆಗೆ ತುಂಬಿಕೊಡುತ್ತದೆ. ದಂಪತಿಗೆ ಈ ಮಟ್ಟ 346.60. ಲೆಸ್ಟರ್‌ನಲ್ಲಿ ಒಬ್ಬರೇ ಇರುವ 78ರ ಅಜ್ಜಿ ಅಂದುಕೊಳ್ಳಿ. ವಾರಕ್ಕೆ 180 ಪೌಂಡ್ ಪಿಂಚಣಿ, ಬೇರೇನೂ ಇಲ್ಲ. ವಾರಕ್ಕೆ 47.10 ಸೇರುತ್ತದೆ. ವರ್ಷಕ್ಕೆ ಅದೇ ಸುಮಾರು 2,449 ಪೌಂಡ್. ಮೇಲೆ ಬಿಲ್ಲಿನಲ್ಲಿ 150, ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಕಡಿತ, 75 ದಾಟಿದ್ದರಿಂದ ಟಿವಿ ಲೈಸೆನ್ಸ್ ಪುಕ್ಕಟೆ. ವಿಂಟರ್ ಫ್ಯೂಯೆಲ್‌ನ 200 ಹೇಗೂ ಬರುತ್ತದೆ. "200 ಬಂತಲ್ಲ, ಸಾಕು ಬಿಡು" ಅಂತ ಸುಮ್ನೆ ಕೂತವರು ಕಳೆದುಕೊಳ್ಳುವುದು ಎಷ್ಟು ನೋಡಿ.

ಮಗನ ಮನೆಯಲ್ಲಿದ್ದರೂ ಅರ್ಜಿ ಹಾಕಬಹುದು. ನೋಡುವುದು ಅರ್ಜಿದಾರರ ಮತ್ತು ಅವರ ಸಂಗಾತಿಯ ಆದಾಯವನ್ನು, ಮಗ ಸೊಸೆಯ ಸಂಬಳವನ್ನಲ್ಲ. ಮೂರು ತಿಂಗಳು ಹಿಂದಿನಿಂದ ಲೆಕ್ಕ ಹಾಕಿ ಕೊಡಿ ಅಂತಲೂ ಕೇಳಬಹುದು.

ಉಳಿತಾಯ 10,000 ಪೌಂಡ್‌ವರೆಗೆ ಲೆಕ್ಕಕ್ಕಿಲ್ಲ. ಅದರ ಮೇಲೆ ಪ್ರತಿ 500ಕ್ಕೆ ವಾರಕ್ಕೆ ಒಂದು ಪೌಂಡ್ ಆದಾಯ ಇದೆ ಅಂತ ಹಿಡಿಯುತ್ತಾರೆ. ಇಲ್ಲೇ ಊರಿನ ಆಸ್ತಿ ಅಡ್ಡ ಬರುವುದು. ಇರುವ ಮನೆ ಬಿಟ್ಟು ಬೇರೆ ಆಸ್ತಿ ಎಲ್ಲಿದ್ದರೂ ಅದು ಬಂಡವಾಳವೇ. ಮೈಸೂರಿನಲ್ಲಿ 60 ಲಕ್ಷ ಬಾಳುವ ಒಂದು 30×40 ಸೈಟು ಅಜ್ಜಿಯ ಹೆಸರಿನಲ್ಲಿದೆ ಅನ್ನಿ. ಪೌಂಡಿಗೆ 120 ರೂಪಾಯಿಯಂತೆ 50,000 ಪೌಂಡ್. ಅದರಲ್ಲಿ 10,000 ಬಿಟ್ಟರೆ 40,000. ವಾರಕ್ಕೆ 80 ಪೌಂಡ್ ಆದಾಯ ಅಂತ ಬರೆಯುತ್ತಾರೆ. 180ಕ್ಕೆ 80 ಸೇರಿ 260. ಪೆನ್ಶನ್ ಕ್ರೆಡಿಟ್ ಇಲ್ಲ. ಸೈಟಿನಿಂದ ಒಂದು ಪೈಸೆ ಹುಟ್ಟದಿದ್ದರೂ ಅಷ್ಟೇ. "ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ?" ಅನ್ನುವವರ ಮಾತು ಕೇಳಬೇಡಿ. ಮುಚ್ಚಿಟ್ಟರೆ ಅದು ವಂಚನೆ, ಕೊಟ್ಟ ಹಣವನ್ನೆಲ್ಲ ವಾಪಸ್ ಕೇಳುತ್ತಾರೆ. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ನಿಮ್ಮ ಪಾಲಿಗಷ್ಟೇ ಲೆಕ್ಕ, ಆ ಪತ್ರಗಳನ್ನು ಜೊತೆಗಿಡಿ.

ಇನ್ನೊಂದು, ಊರಿಗೆ ಹೋಗುವುದು. ಡಿಸೆಂಬರ್‌ನಲ್ಲಿ ಹೊರಟು ಯುಗಾದಿ ಮುಗಿಸಿಯೇ ಬರುವ ಹಿರಿಯರು ಬಹಳ. ಪೆನ್ಶನ್ ಕ್ರೆಡಿಟ್ ಮಾಮೂಲಾಗಿ ನಾಲ್ಕು ವಾರದ ಪ್ರಯಾಣಕ್ಕೆ ಮಾತ್ರ ಮುಂದುವರಿಯುತ್ತದೆ. ಹತ್ತಿರದವರು ತೀರಿಕೊಂಡಿದ್ದರೆ ಎಂಟು ವಾರ, ಚಿಕಿತ್ಸೆಗಾದರೆ 26 ವಾರದವರೆಗೆ ಅವಕಾಶ ಇದೆ. ಜಾಸ್ತಿ ದಿನ ಇರುವ ಯೋಚನೆ ಇದ್ದರೆ ಹೊರಡುವ ಮುಂಚೆ ತಿಳಿಸಿ. ಬಂದ ಮೇಲೆ ಮತ್ತೆ ಅರ್ಜಿ ಹಾಕಿದರಾಯಿತು.

ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್

ಸ್ಕಾಟ್ಲೆಂಡಿನಲ್ಲಿ ಹೆಸರೂ ಬೇರೆ, ಮೊತ್ತವೂ ಬೇರೆ. ವಯಸ್ಸಾದವರಿಗೆ ಪೆನ್ಶನ್ ಏಜ್ ವಿಂಟರ್ ಹೀಟಿಂಗ್ ಪೇಮೆಂಟ್, 203.40 ಅಥವಾ 305.10 ಪೌಂಡ್. ಕೋಲ್ಡ್ ವೆದರ್ ಪೇಮೆಂಟ್ ಬದಲು ವಿಂಟರ್ ಹೀಟಿಂಗ್ ಪೇಮೆಂಟ್ ಅಂತ 59.75, ಚಳಿ ಬೀಳಲಿ ಬೀಳದಿರಲಿ ಒಂದು ಸಲ ಬಂದೇ ಬರುತ್ತದೆ. ಏಳು ದಿನದ ಮಾಪಕಕ್ಕೆ ಕಾಯುವುದಕ್ಕಿಂತ ಇದು ವಾಸಿ ಅಲ್ವಾ? ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ 255.80 ಪೌಂಡಿನ ಬೇರೆ ಸಹಾಯವೂ ಇದೆ, ಅದು ಇಂಗ್ಲೆಂಡಿನಲ್ಲಿ ಇಲ್ಲ. ಉತ್ತರ ಐರ್ಲೆಂಡಿನಲ್ಲಿ ವಾರ್ಮ್ ಹೋಮ್ ಡಿಸ್ಕೌಂಟ್ ಇಲ್ಲ, ಉಳಿದೆರಡು ಇವೆ.

ವೀಸಾ ಅಡ್ಡ ಬಂದವರಿಗೆ

ಇಲ್ಲಿಂದ ಮುಂದಿನದು ಪಬ್ಲಿಕ್ ಫಂಡ್ಸ್ ಅಲ್ಲ, ಧೈರ್ಯವಾಗಿ ಕೇಳಬಹುದು.

ಮೊದಲನೆಯದು ನಿಮ್ಮ ಗ್ಯಾಸ್, ಕರೆಂಟ್ ಕಂಪನಿ. ಬಿಲ್ ಕಟ್ಟಲಾಗುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದರೆ, ನಿಮ್ಮ ಕೈಲಾಗುವ ಕಂತು ಮಾಡಿಕೊಡಬೇಕು ಅನ್ನುವುದು ಆಫ್‌ಜೆಮ್ ನಿಯಮ. ನಮ್ಮವರಿಗೆ ಸಾಲದ ಮಾತು ಎತ್ತಲು ನಾಚಿಕೆ. ಮೂರು ತಿಂಗಳು ಬಿಲ್ ಮುಚ್ಚಿಟ್ಟು ನಾಲ್ಕನೇ ತಿಂಗಳು ಫೋನ್ ಮಾಡುವುದಕ್ಕಿಂತ ಮೊದಲ ತಿಂಗಳೇ ಮಾಡುವುದು ಸುಲಭ. ಹಲವು ಕಂಪನಿಗಳಲ್ಲಿ ಕಷ್ಟದಲ್ಲಿರುವವರಿಗೆ ನಿಧಿ ಇದೆ. ಬ್ರಿಟಿಷ್ ಗ್ಯಾಸ್ ಎನರ್ಜಿ ಟ್ರಸ್ಟ್ ಬೇರೆ ಕಂಪನಿಯ ಗ್ರಾಹಕರ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ.

ಎರಡನೆಯದು ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್. ದುಡ್ಡು ಬರುವುದಿಲ್ಲ, ಆದರೆ ಕರೆಂಟ್ ಹೋದಾಗ ಮೊದಲು ನಿಮ್ಮನ್ನು ವಿಚಾರಿಸುತ್ತಾರೆ. ವಯಸ್ಸಾದವರು, ಐದರೊಳಗಿನ ಮಕ್ಕಳಿರುವವರು, ಇಂಗ್ಲಿಷ್ ಸರಿಯಾಗಿ ಬಾರದವರು ಕೂಡ ಸೇರಬಹುದು. ಪುಕ್ಕಟೆ.

ಮೂರನೆಯದು ಬಾಡಿಗೆ ಮನೆಯವರಿಗೆ, ಮತ್ತು ನನ್ನ ಪ್ರಕಾರ ಇದಕ್ಕೇ ಜಾಸ್ತಿ ಬೆಲೆ. ಬಾಯ್ಲರ್, ರೇಡಿಯೇಟರ್ ಸರಿಯಾಗಿ ಕೆಲಸ ಮಾಡುವಂತೆ ಇಡುವುದು ಮಾಲೀಕನ ಹೊಣೆ, 1985ರ ಕಾನೂನು ಹಾಗೆ ಹೇಳುತ್ತದೆ. ಮೇಲಿನ ಅರ್ಧ ತಣ್ಣಗಿರುವ ರೇಡಿಯೇಟರ್, ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು, ಗಾಳಿ ನುಗ್ಗುವ ಕಿಟಕಿ: ಇವುಗಳ ಫೋಟೋ ತೆಗೆದು ಏಜೆಂಟ್‌ಗೆ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಿವಿಗೆ ಹಾಕಿಕೊಳ್ಳದಿದ್ದರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್‌ಗೆ ದೂರು ಕೊಡಿ. ಬಾಡಿಗೆಗೆ ಕೊಡುವ ಮನೆಯ ಎನರ್ಜಿ ದರ್ಜೆ ಸಾಮಾನ್ಯವಾಗಿ 'ಇ'ಗಿಂತ ಕೆಳಗಿರಬಾರದು. ಹೊಸ ಮನೆ ನೋಡುವಾಗ ಅಡುಗೆಮನೆ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಆ ಸರ್ಟಿಫಿಕೇಟನ್ನೂ ನೋಡಿ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ.

ಸ್ವಂತ ಮನೆ ಇದ್ದು ಬಾಯ್ಲರ್ ಮುದಿಯಾಗಿದ್ದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಟ್ ಪಂಪ್‌ಗೆ 7,500 ಪೌಂಡ್ ಕೊಡುವ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಇದೆ. ಆದಾಯ ಕೇಳುವುದಿಲ್ಲ. ಉಳಿದ ಖರ್ಚು ಕೈಯಿಂದ ಹಾಕಬೇಕು, ಹಾಗಾಗಿ ಈ ತಿಂಗಳ ಬಿಲ್ಲಿಗೆ ಪರದಾಡುತ್ತಿರುವವರಿಗೆ ಇದು ಉತ್ತರವಲ್ಲ.

ಹಾಗಾದರೆ ಮೊದಲು ಯಾವುದು?

ಪಿಂಚಣಿ ವಯಸ್ಸು ದಾಟಿದವರು ಮೊದಲು ಪೆನ್ಶನ್ ಕ್ರೆಡಿಟ್ ನೋಡಿ, ಬಾರದಿದ್ದರೆ ವಿಂಟರ್ ಫ್ಯೂಯೆಲ್ ಬಂತೇ ಅಂತ ಖಾತೆ ನೋಡಿ. ದುಡಿಯುವ, ಐಎಲ್‌ಆರ್ ಇರುವ, ಸಂಬಳ ಸಾಲದ ಮನೆಯವರು ಯೂನಿವರ್ಸಲ್ ಕ್ರೆಡಿಟ್ ಸಿಗುತ್ತದೆಯೇ ನೋಡಿ. ಉಳಿತಾಯ 16,000 ಪೌಂಡ್ ದಾಟಿದ್ದರೆ ಅದು ಇಲ್ಲ. ಸಿಕ್ಕರೆ ವಾರ್ಮ್ ಹೋಮ್ ಡಿಸ್ಕೌಂಟ್‌ಗೆ ದಾರಿ ಆಯಿತು. ಕೋಲ್ಡ್ ವೆದರ್ ಪೇಮೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬಂದರೆ ಬರಲಿ. ವೀಸಾದವರು ಕಂಪನಿ ಮತ್ತು ಮಾಲೀಕನ ಹತ್ತಿರ ಮಾತಾಡಿ. ಲೆಕ್ಕ ಗೋಜಲಾದರೆ ಸಿಟಿಜನ್ಸ್ ಅಡ್ವೈಸ್ ಅಥವಾ ಏಜ್ ಯುಕೆ ಕಚೇರಿಯಲ್ಲಿ ಪುಕ್ಕಟೆ ಕೂತು ನೋಡಿಕೊಡುತ್ತಾರೆ.

ಕೊನೆಗೆ ಮೆಸೇಜುಗಳ ಮಾತು. "ನಿಮ್ಮ ವಿಂಟರ್ ಹೀಟಿಂಗ್ ಸಬ್ಸಿಡಿ ಬಾಕಿ ಇದೆ, ಇಲ್ಲಿ ಒತ್ತಿ" ಅಂತ ಬಂದರೆ ಅದು ಮೋಸ. ವಿಂಟರ್ ಫ್ಯೂಯೆಲ್ ಹಣಕ್ಕಾಗಿ ಇಲಾಖೆ ಎಸ್‌ಎಂಎಸ್ ಕಳಿಸಿ ಬ್ಯಾಂಕ್ ವಿವರ ಕೇಳುವುದಿಲ್ಲ. ಲಿಂಕ್ ಒತ್ತದೆ, ಮೋಸದ ಮೆಸೇಜುಗಳ ದೂರಿಗೆಂದೇ ಇರುವ 7726ಗೆ ಫಾರ್ವರ್ಡ್ ಮಾಡಿ, ಅಪ್ಪ ಅಮ್ಮನ ಫೋನಿನಲ್ಲೂ ಅಂಥದ್ದು ಬಂದಿದೆಯಾ ನೋಡಿ.